ಗೆರೆ ಎಳೆಯುವ ಮುನ್ನ

ನಗರ ಯೋಜನೆಯಲ್ಲಿ ಉನ್ನತ ಪದವಿ ಪಡೆಯಲು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೊರಟ ವಿದ್ಯಾರ್ಥಿ ಅರ್ಜಿಯ ಜೊತೆಗೆ ಒಂದು ಪ್ರಬಂಧವನ್ನೂ ಬರೆದು ಕಳಿಸಬೇಕು. ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂಬುದಕ್ಕೆ ಅದರಲ್ಲಿ ಉತ್ತರವಿರಬೇಕು. ನಮ್ಮ ಕಡೆಯಿಂದ ಹೋಗುವವರಲ್ಲಿ ಆರ್ಕಿಟೆಕ್ಚರ್ ಓದಿದವರಿದ್ದಾರೆ, ಸಿವಿಲ್ ಎಂಜಿನಿಯರಿಂಗ್ ಮುಗಿಸಿದವರಿದ್ದಾರೆ, ಭೂಗೋಳವನ್ನೋ ಅರ್ಥಶಾಸ್ತ್ರವನ್ನೋ ಓದಿದವರೂ ಇದ್ದಾರೆ. ಬಂದ ದಾರಿ ಬೇರೆಬೇರೆಯಾದರೂ ಬಹುಮಂದಿಯ ಉತ್ತರದ ಬುಡದಲ್ಲಿ ಒಂದು ಸಂಕಟವಿರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಸುತ್ತಮುತ್ತ ರಸ್ತೆಗಳೇ ಹೊಳೆಗಳಾಗಿ, ಕಚೇರಿಗೆ ಹೋಗುವವರು ಟ್ರ್ಯಾಕ್ಟರ್ ಏರಿದ್ದನ್ನು ಕಂಡವರು ಅದನ್ನು ಬರೆಯುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾದ ಮನೆಗಳಿಂದ ಬಂದವರು ಕೊಡಗಳ ಸಾಲಿನ ಬಗ್ಗೆ ಬರೆಯುತ್ತಾರೆ. ಹೊತ್ತಿಗೆ ಸರಿಯಾಗಿ ಬಸ್ಸಿಲ್ಲದೆ ಓದು ಬಿಟ್ಟ ಗೆಳತಿಯನ್ನು ನೆನೆಯುವವರಿದ್ದಾರೆ. ನಮ್ಮ ಊರು ಹೀಗೆಯೇ ಇರಬೇಕೆಂದೇನೂ ಇರಲಿಲ್ಲ, ಇದಕ್ಕಿಂತ ಚೆನ್ನಾಗಿರಬಹುದಿತ್ತು ಎಂಬ ನೋವು ಅವರನ್ನು ಈ ವಿದ್ಯೆಯ ಬಾಗಿಲಿಗೆ ತಂದಿರುತ್ತದೆ.

ಈ ನೋವನ್ನು ನಾನು ಗೌರವಿಸುತ್ತೇನೆ. ಸಂಬಳದ ಲೆಕ್ಕ ಹಾಕಿ ವಿಷಯ ಆರಿಸಿಕೊಳ್ಳುವ ಕಾಲದಲ್ಲಿ, ಎಲ್ಲರಿಗೂ ಸೇರಿದ ಬೀದಿ, ನೀರು, ನೆರಳುಗಳ ಬಗ್ಗೆ ಚಿಂತಿಸುವ ಎಳೆಯರು ಇದ್ದಾರೆಂಬುದೇ ಭರವಸೆಯ ಮಾತು. ಆದರೆ ನೋವಿನಿಂದಷ್ಟೇ ಹಕ್ಕು ಹುಟ್ಟುವುದಿಲ್ಲ. ಊರಿಗಾಗಿ ಮರುಗುವುದು ಒಂದು, ಊರನ್ನು ತಿದ್ದಲು ಕೈಹಾಕುವುದು ಇನ್ನೊಂದು. ಮೊದಲನೆಯದರಿಂದ ಎರಡನೆಯದಕ್ಕೆ ದಾಟುವಾಗ ಮನುಷ್ಯ ಏನನ್ನು ಕಲಿಯಬೇಕು, ಯಾರಿಂದ ಕಲಿಯಬೇಕು ಎಂಬುದನ್ನು ಯೋಚಿಸುವುದು ಅಗತ್ಯ. ಪರದೇಶದಲ್ಲಿ ಕಲಿಯುವ ವಿದ್ಯಾರ್ಥಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಅವನು ಅಥವಾ ಅವಳು ಕಲಿಯುವುದು ಒಂದು ನೆಲದಲ್ಲಿ, ಕಲಿತದ್ದು ಇಳಿಯಬೇಕಾದದ್ದು ಬಹುಶಃ ಇನ್ನೊಂದು ನೆಲದಲ್ಲಿ.

ವೈದ್ಯರ ಎದುರಿಗೆ ರೋಗಿ ಕೂತಿರುತ್ತಾರೆ. ನೋವಾದರೆ ಅಲ್ಲೇ ಕೂಗುತ್ತಾರೆ. ನಗರ ಯೋಜಕರ ಎದುರಿಗೆ ಇರುವುದು ಹಾಳೆ, ಈಚೆಗೆ ಕಂಪ್ಯೂಟರಿನ ಪರದೆ. ಒಂದಕ್ಕೆ ಹತ್ತು ಸಾವಿರದ ಪ್ರಮಾಣದ ನಕ್ಷೆಯಲ್ಲಿ 1 ಮಿಲಿಮೀಟರ್ ಎಂದರೆ ನೆಲದ ಮೇಲೆ 10 ಮೀಟರ್. ನಮ್ಮ ಊರುಗಳಲ್ಲಿ ಜನ ಜೀವಮಾನದ ದುಡಿಮೆಯನ್ನೆಲ್ಲ ಹಾಕಿ ಕೊಳ್ಳುವ ಮೂವತ್ತು-ನಲವತ್ತರ ಸೈಟಿನ ಅಗಲ 30 ಅಡಿ, ಅಂದರೆ ಸುಮಾರು 9 ಮೀಟರ್. ಪೆನ್ಸಿಲಿನ ಮೊನೆ ತುಸು ಸವೆದಿದ್ದರೆ ಸಾಕು, ಗೆರೆಯ ದಪ್ಪದೊಳಗೆ ಒಂದು ಮನೆಯ ಅಗಲ ಮುಚ್ಚಿಹೋಗುತ್ತದೆ. ಗೆರೆ ಎಳೆದವರಿಗೆ ಆ ಮನೆಯ ಹೊಸಿಲು ಕಾಣುವುದಿಲ್ಲ, ಅಲ್ಲಿ ತೊಟ್ಟಿಲು ಕಟ್ಟಿದ್ದು ತಿಳಿಯುವುದಿಲ್ಲ. ಕೂಗು ಕೇಳುವುದು ವರ್ಷಗಳ ಮೇಲೆ, ಅದೂ ಬೇರೆಯವರ ಕಿವಿಗೆ. ನಗರ ಯೋಜನೆ ನೈತಿಕ ವಿಷಯವಾಗುವುದು ಇಲ್ಲಿಂದ. ಎಂದೂ ಭೇಟಿಯಾಗದ ಸಾವಿರಾರು ಜನರ ನಾಳೆಗಳನ್ನು ದೂರದಲ್ಲಿ ಕೂತು ನಿರ್ಧರಿಸುವ ಕೆಲಸ ಅದು.

ಈ ವಿದ್ಯೆ ಹುಟ್ಟಿದ್ದು ಕರುಣೆಯಿಂದಲೇ. ಕೈಗಾರಿಕೆಗಳು ಬೆಳೆದ ಯುರೋಪಿನ ಊರುಗಳಲ್ಲಿ ಗಾಳಿಬೆಳಕಿಲ್ಲದ ಓಣಿಗಳಲ್ಲಿ ಜನ ರೋಗದಿಂದ ಸಾಯುವುದನ್ನು ನೋಡಲಾರದೆ ಹೊಸ ಊರು ಕಟ್ಟುವ ಶಾಸ್ತ್ರ ಬೆಳೆಯಿತು. 1909ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ವಿಭಾಗ ಆರಂಭವಾಯಿತು. ಬ್ರಿಟನ್ನಿನ ಮೊದಲ ನಗರ ಯೋಜನಾ ಕಾಯ್ದೆಯೂ ಅದೇ ವರ್ಷ ಬಂತು. 1929ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ನಗರ ಯೋಜನೆಯ ಶಾಲೆ ತೆರೆಯಿತು. ಇತ್ತ ನಮ್ಮಲ್ಲಿ 1898ರ ಪ್ಲೇಗ್ ಬೆಂಗಳೂರಿನ ಪೇಟೆಯನ್ನು ಬೆಚ್ಚಿಬೀಳಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆ, ಸಾಲುಮರಗಳೊಡನೆ ಎದ್ದವು. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿಯ ವಿಶ್ವಸ್ಥ ಮಂಡಳಿ ಬಂತು. ದೆಹಲಿಯಲ್ಲಿ ನಗರ ಮತ್ತು ಗ್ರಾಮ ಯೋಜನೆಯ ಶಾಲೆ ಶುರುವಾದದ್ದು 1955ರಲ್ಲಿ. ಎಲ್ಲ ಕಡೆಯೂ ಮೊದಲ ಪ್ರೇರಣೆ ಒಂದೇ ಆಗಿತ್ತು: ಜನ ಆರೋಗ್ಯವಾಗಿ ಬಾಳಲಿ.

ಅದೇ ವಿದ್ಯೆ ಮುಂದೆ ಏನೇನು ಮಾಡಿತು ಎಂಬುದನ್ನು ವಿದ್ಯಾರ್ಥಿ ಅಮೆರಿಕದ ತರಗತಿಯ ಆರಂಭದಲ್ಲೇ ಓದಬೇಕಾಗುತ್ತದೆ. 1933ರಲ್ಲಿ, ಆರ್ಥಿಕ ಕುಸಿತದ ಹೊತ್ತಿನಲ್ಲಿ, ಮನೆ ಕಳೆದುಕೊಳ್ಳುವವರನ್ನು ಉಳಿಸಲೆಂದು ಅಲ್ಲಿನ ಸರ್ಕಾರ ಗೃಹಸಾಲದ ಒಂದು ನಿಗಮವನ್ನು ಸ್ಥಾಪಿಸಿತು. ಆ ನಿಗಮ 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿ ಬಡಾವಣೆಗಳಿಗೆ ಬಣ್ಣ ಬಳಿಸಿತು. ಉತ್ತಮವಾದದ್ದಕ್ಕೆ ಹಸಿರು, ಆಮೇಲಿನದಕ್ಕೆ ನೀಲಿ, ಇಳಿಗಾಲದಲ್ಲಿರುವುದಕ್ಕೆ ಹಳದಿ, ಅಪಾಯದ್ದೆಂದು ಬಗೆದದ್ದಕ್ಕೆ ಕೆಂಪು. ಕಪ್ಪು ಜನರು ಬಾಳುತ್ತಿದ್ದ ಬಡಾವಣೆಗಳ ಮೇಲೆ ಸಾಮಾನ್ಯವಾಗಿ ಕೆಂಪು ಬಿತ್ತು. ಅಂಥ ಪ್ರದೇಶಗಳಲ್ಲಿ ಸಾಲ ಹುಟ್ಟದಾಯಿತು. ಸಾಲವಿಲ್ಲದೆ ಮನೆಗಳ ದುರಸ್ತಿಯಾಗಲಿಲ್ಲ, ದುರಸ್ತಿಯಿಲ್ಲದೆ ಬೆಲೆ ಬಿತ್ತು. ಬೆಲೆ ಬಿದ್ದಿದೆ, ಕೊಳೆಗೇರಿಯಾಗಿದೆ ಎಂಬ ಕಾರಣ ಕೊಟ್ಟು 1949ರ ವಸತಿ ಕಾಯ್ದೆಯ ನಂತರ ಅಂಥವನ್ನೇ ಕೆಡವಲಾಯಿತು. ಡೆಟ್ರಾಯಿಟ್ ನಗರದ ಬ್ಲ್ಯಾಕ್ ಬಾಟಮ್ ಎಂಬ ಬಡಾವಣೆ ಹೀಗೆ ನೆಲಸಮವಾಯಿತು. ಕಪ್ಪು ಜನರ ಅಂಗಡಿ, ಸಂಗೀತ, ವ್ಯಾಪಾರಗಳಿಂದ ತುಂಬಿದ್ದ ಹೇಸ್ಟಿಂಗ್ಸ್ ಬೀದಿಯ ಜಾಗದಲ್ಲಿ ಹೆದ್ದಾರಿ ಬಂತು. ಸಿರಾಕ್ಯೂಸ್ ನಗರದಲ್ಲಿಯೂ ಇಂಥದೇ ಒಂದು ವಾರ್ಡಿನ ನಡುವೆ ಮೇಲ್ಸೇತುವೆಯ ಹೆದ್ದಾರಿ ಹಾಯಿತು. ಅದನ್ನು ತೆಗೆದುಹಾಕುವ ಯೋಜನೆಯ ಕಾಮಗಾರಿ ಶುರುವಾಗಲು 2023 ಬರಬೇಕಾಯಿತು. ಗೆರೆ ಎಳೆಯಲು ಒಂದು ಮಧ್ಯಾಹ್ನ ಸಾಕು, ಅಳಿಸಲು ಎರಡು ತಲೆಮಾರು ಬೇಕು.

ಇದನ್ನು ಓದುವ ವಿದ್ಯಾರ್ಥಿಯನ್ನು ಕಲಕುವ ಸಂಗತಿ ಇನ್ನೊಂದಿದೆ. ಆ ನಕ್ಷೆಗಳನ್ನು ಮಾಡಿದವರು ದಡ್ಡರಾಗಿರಲಿಲ್ಲ. ಅಳತೆ ಬಲ್ಲವರು, ಅಂಕಿಅಂಶ ಬಲ್ಲವರು, ತಮ್ಮ ಕೆಲಸವನ್ನು ಶಿಸ್ತಿನಿಂದ ಮಾಡಿದವರು. ಅವರ ವಿದ್ಯೆಯಲ್ಲಿ ಕೊರತೆ ಇರಲಿಲ್ಲ. ತಾವು ಬಣ್ಣ ಬಳಿಯುತ್ತಿದ್ದ ಬೀದಿಯ ಜನರನ್ನು ತಮಗೆ ಸರಿಸಮಾನರೆಂದು ಅವರು ನೋಡಿರಲಿಲ್ಲ. ಈ ಕೊರತೆಯನ್ನು ಯಾವ ತಂತ್ರಾಂಶವೂ ತುಂಬಿಕೊಡಲಾರದು.

ದೂರದ ದೇಶದ ಅನ್ಯಾಯವನ್ನು ಓದಿ ಮರುಗುವುದು ಸುಲಭ. ಅಲ್ಲಿ ನಿಂತು ತನ್ನ ಊರಿನತ್ತ ತಿರುಗಿ ನೋಡುವುದು ಕಷ್ಟ. ನಮ್ಮ ಹಳ್ಳಿಗಳಿಗೆ ಯಾರೂ ಬಣ್ಣ ಬಳಿಯಲಿಲ್ಲ. ಆದರೂ ಯಾರ ಮನೆ ಊರೊಳಗೆ, ಯಾರ ಕೇರಿ ಊರಾಚೆ, ಯಾರು ಯಾವ ಬಾವಿಗೆ ಹಗ್ಗ ಬಿಡಬಾರದು ಎಂಬ ಗೆರೆಗಳು ಕಾಗದದ ನೆರವಿಲ್ಲದೆಯೇ ಶತಮಾನಗಳ ಕಾಲ ನಿಂತವು. ನಗರಕ್ಕೆ ಬಂದರೆ ಎಲ್ಲ ಅಳಿಸಿಹೋಗುತ್ತದೆ ಎಂದುಕೊಂಡೆವು. ಬಾಡಿಗೆ ಮನೆ ಕೇಳಲು ಹೋದವರ ಹೆಸರು ಕೇಳಿ, ಊಟದ ಅಭ್ಯಾಸ ಕೇಳಿ, ಆಮೇಲೆ ಮನೆ ಖಾಲಿಯಿಲ್ಲ ಎನ್ನುವವರು ಇಂದಿಗೂ ಇದ್ದಾರೆ. ಊರನ್ನು ಗುಡಿಸುವ ಪೌರಕಾರ್ಮಿಕರ ಕಾಲೊನಿಗಳಲ್ಲಿ ನೀರು, ಒಳಚರಂಡಿ ಹೇಗಿವೆ ಎಂದು ಹೋಗಿ ನೋಡಿದರೆ ನಮ್ಮ ಕೆಂಪು ಗೆರೆಗಳು ಎಲ್ಲಿವೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪರದೇಶದ ಪಾಠ ನಿಜವಾಗಿ ಕಲಿತಂತಾಗುವುದು ಅದು ಮನೆಯ ಬಾಗಿಲಿನವರೆಗೂ ಬಂದಾಗ.

ಅಮೆರಿಕದಲ್ಲಿ ಈ ವಿದ್ಯೆ ತನ್ನನ್ನು ತಾನೇ ಪ್ರಶ್ನಿಸಿಕೊಂಡಿತು ಎಂಬುದನ್ನೂ ಹೇಳಬೇಕು. 1961ರಲ್ಲಿ ಜೇನ್ ಜೇಕಬ್ಸ್ ಎಂಬ ಪತ್ರಕರ್ತೆ ಅಮೆರಿಕದ ಮಹಾನಗರಗಳ ಸಾವುಬದುಕಿನ ಬಗ್ಗೆ ಪುಸ್ತಕ ಬರೆದು, ತಜ್ಞರು ಕೊಳೆಗೇರಿ ಎಂದು ಕರೆದ ಬೀದಿಗಳಲ್ಲಿ ಎಷ್ಟು ಜೀವಂತಿಕೆ, ಎಷ್ಟು ಪರಸ್ಪರ ಕಾವಲು ಇದೆ ಎಂದು ತೋರಿಸಿಕೊಟ್ಟರು. ಅವರಿಗೆ ನಗರ ಯೋಜನೆಯ ಪದವಿ ಇರಲಿಲ್ಲ. ಕಣ್ಣಿತ್ತು, ಬೀದಿಯಲ್ಲಿ ವಾಸವಿತ್ತು. 1965ರಲ್ಲಿ ಪಾಲ್ ಡೇವಿಡಾಫ್ ಎಂಬ ಯೋಜಕರು, ನ್ಯಾಯಾಲಯದಲ್ಲಿ ಬಡವರಿಗೂ ವಕೀಲರಿರುವಂತೆ ಊರಿನ ಯೋಜನೆಯಲ್ಲೂ ದನಿಯಿಲ್ಲದವರ ಪರ ನಿಲ್ಲುವ ಯೋಜಕರು ಬೇಕು ಎಂದು ವಾದಿಸಿದರು. 1969ರಲ್ಲಿ ಶೆರ್ರಿ ಆರ್ನ್‌ಸ್ಟೈನ್ ಜನರ ಪಾಲುಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಕರೆದು ಕೂರಿಸಿ ಒಪ್ಪಿಸುವುದಷ್ಟೇ ನಡೆಯುತ್ತದೆ. ನಡುವಿನಲ್ಲಿ ತಿಳಿಸುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು. ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ನಿರ್ಧಾರದ ಅಧಿಕಾರ ಜನರ ಕೈಗೆ ಬರುತ್ತದೆ.

ಕರ್ನಾಟಕದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ 1961ರದ್ದೇ. ಅದರ ಅಡಿಯಲ್ಲಿ ಮಾಸ್ಟರ್ ಪ್ಲಾನ್ ತಯಾರಾದಾಗ ಆಕ್ಷೇಪಣೆ, ಸಲಹೆಗಳನ್ನು ಕರೆಯುತ್ತಾರೆ. ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ನಕ್ಷೆ ಕಚೇರಿಯಲ್ಲಿ ನೋಡಲು ಸಿಗುತ್ತದೆ. ತರಕಾರಿ ಗಾಡಿ ತಳ್ಳುವವರು ಒಂದು ದಿನದ ವ್ಯಾಪಾರ ಬಿಟ್ಟು ಆ ಕಚೇರಿಗೆ ಹೋದರೂ, ಬಣ್ಣಬಣ್ಣದ ಆ ಹಾಳೆಯಲ್ಲಿ ತಮ್ಮ ಬೀದಿ ಯಾವುದೆಂದು ಗುರುತು ಹಿಡಿಯಬಲ್ಲರೇ? ಹಿಡಿದರೂ ಅವರ ಮಾತನ್ನು ಬರೆದುಕೊಳ್ಳುವವರು ಯಾರು? ಆರ್ನ್‌ಸ್ಟೈನ್ ಅವರ ಏಣಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ವಿದ್ಯಾರ್ಥಿ, ತನ್ನೂರಿನ ಜನ ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆಂದು ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕಾಗುತ್ತದೆ.

ಪರದೇಶಿ ವಿದ್ಯಾರ್ಥಿ ಬರೀ ಪಡೆದುಕೊಳ್ಳುವವನಲ್ಲ ಎಂಬುದಕ್ಕೆ ಈ ವಿದ್ಯೆಯ ಚರಿತ್ರೆಯಲ್ಲಿ ಒಂದು ದೊಡ್ಡ ಸಾಕ್ಷಿಯಿದೆ. 1950ರ ದಶಕದ ಆರಂಭದಲ್ಲಿ ನೈಜೀರಿಯಾದ ಅಡೆಡೊಕುನ್ ಅಡೆಯೆಮಿ ಎಂಬವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದರು. ಅಲ್ಲಿ ಕಲಿಸುತ್ತಿದ್ದದ್ದೆಲ್ಲ ಚಳಿಯ ದೇಶಕ್ಕೆ ಹೊಂದುವ ವಿದ್ಯೆ. ತಾನು ಹಿಂದಿರುಗಬೇಕಾದದ್ದು ಬಿಸಿಲು ಮಳೆಗಳ ನಾಡಿಗೆ. ಅಲ್ಲಿಗೆ ಬೇಕಾದದ್ದನ್ನು ಇಲ್ಲಿ ಯಾರೂ ಕಲಿಸುತ್ತಿಲ್ಲವಲ್ಲ ಎಂಬ ಪ್ರಶ್ನೆಯನ್ನು ಅವರು ಎತ್ತಿದರು. ಆ ಪ್ರಶ್ನೆಯ ಬೆನ್ನಿಗೆ 1953ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ಬಗ್ಗೆ ಸಮ್ಮೇಳನ ನಡೆಯಿತು. 1954ರಲ್ಲಿ ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಇದಕ್ಕಾಗಿ ಹೊಸ ವಿಭಾಗವೇ ತೆರೆಯಿತು. ಸಾಮ್ರಾಜ್ಯದ ರಾಜಧಾನಿಯ ಶಿಕ್ಷಣವನ್ನು, ಆ ಸಾಮ್ರಾಜ್ಯದ ಅಧೀನದಲ್ಲಿದ್ದ ನಾಡಿನಿಂದ ಬಂದ ವಿದ್ಯಾರ್ಥಿಯ ಪ್ರಶ್ನೆ ಬದಲಿಸಿತು. ಕೊಟ್ಟದ್ದನ್ನು ತಲೆಬಾಗಿ ತೆಗೆದುಕೊಂಡು, ಪದವಿ ಹಿಡಿದು ಊರಿಗೆ ಹೋಗಿದ್ದರೆ ಅವರನ್ನು ಯಾರೂ ದೂರುತ್ತಿರಲಿಲ್ಲ. ಆದರೆ ಅವರ ಹಿಂದೆ ಬಂದವರೂ ಅದೇ ಚಳಿಯ ಪಾಠವನ್ನೇ ಓದಬೇಕಾಗುತ್ತಿತ್ತು. ಗುರುಗಳಿಗೆ ಸಲ್ಲಿಸುವ ಗೌರವದಲ್ಲಿ ಪ್ರಶ್ನೆಯೂ ಸೇರಿದೆ.

ಆ ವಿಭಾಗವನ್ನು ಮುಂದೆ ಬಹುಕಾಲ ನಡೆಸಿದವರು ಆಟೊ ಕೋನಿಗ್ಸ್‌ಬರ್ಗರ್. ಅವರು ಈ ಪಾಠಗಳನ್ನು ಕಲಿತದ್ದರಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಅವರು ಯೆಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಕೆಲಸ ಕಳೆದುಕೊಂಡರು. ಈಜಿಪ್ಟಿನಲ್ಲಿ ಕೆಲವು ವರ್ಷ ಪುರಾತನ ಕಟ್ಟಡಗಳ ಅಧ್ಯಯನ ಮಾಡಿ, 1939ರಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ವಿನ್ಯಾಸ ಮಾಡಿದ ಕಟ್ಟಡಗಳಿವೆ. ಬರ್ಲಿನ್ನಿನ ಪುಸ್ತಕಗಳಲ್ಲಿ ಇಲ್ಲದ ಬಿಸಿಲನ್ನೂ ಮುಂಗಾರನ್ನೂ ಅವರು ಇಲ್ಲಿ ಹೊಸದಾಗಿ ಓದಬೇಕಾಯಿತು. ಆಮೇಲೆ ಜಮ್‌ಶೆಡ್‌ಪುರಕ್ಕೆ ಬೆಳವಣಿಗೆಯ ಯೋಜನೆ, 1948ರಲ್ಲಿ ಭುವನೇಶ್ವರಕ್ಕೆ ನಗರ ಯೋಜನೆ ಮಾಡಿದರು. ಸ್ವತಃ ನಿರಾಶ್ರಿತರಾಗಿ ಬಂದವರು, ಸ್ವತಂತ್ರ ಭಾರತದ ವಸತಿ ನಿರ್ದೇಶಕರಾಗಿ ದೇಶವಿಭಜನೆಯ ನಿರಾಶ್ರಿತರಿಗೆ ಮನೆ ಒದಗಿಸುವ ಹೊಣೆ ಹೊತ್ತರು. ಮನೆಯ ಭಾಗಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು ಜೋಡಿಸುವ ದೆಹಲಿಯ ಯೋಜನೆ ಅಂದುಕೊಂಡಂತೆ ಫಲಿಸಲಿಲ್ಲ. 1951ರಲ್ಲಿ ಅವರು ಲಂಡನ್ನಿಗೆ ಹೋದರು.

ಅಲ್ಲಿ ಏಷ್ಯಾ, ಆಫ್ರಿಕಾಗಳಿಂದ ಬಂದ ವಿದ್ಯಾರ್ಥಿಗಳಿಗೆ ಅವರು ಕಲಿಸಿದ ಒಂದು ವಿಚಾರ ಇಂದಿಗೂ ತೂಕದ್ದು. ವೇಗವಾಗಿ ಬೆಳೆಯುವ ಊರಿಗೆ ಇಪ್ಪತ್ತು ವರ್ಷದ ಮಾಸ್ಟರ್ ಪ್ಲಾನ್ ಮಾಡಲು ಕೂತರೆ, ಅದು ಮುದ್ರಣವಾಗುವ ಹೊತ್ತಿಗೆ ಊರು ಅದನ್ನು ದಾಟಿ ಹೋಗಿರುತ್ತದೆ. ಆದ್ದರಿಂದ ತುರ್ತಾಗಿ ಬೇಕಾದದ್ದನ್ನು ಮೊದಲು ಮಾಡಿ, ಮಾಡಿದ್ದರ ಪರಿಣಾಮ ನೋಡಿ, ತಿದ್ದಿಕೊಂಡು ಮುಂದಿನದಕ್ಕೆ ಹೋಗಬೇಕು ಎಂದು ಅವರು 1964ರಲ್ಲಿ ಬರೆದರು. ಕ್ರಿಯಾ ಯೋಜನೆ ಎಂಬ ಈ ವಿಧಾನಕ್ಕೆ ಭಾರತದ ಅನುಭವದ ಜೊತೆಗೆ ಲಾಗೋಸ್ ನಗರದ ಕೆಲಸವೂ ಹಿನ್ನೆಲೆಯಾಗಿತ್ತು. 1971ರಲ್ಲಿ ಅವರ ವಿಭಾಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿತು. ಅಭಿವೃದ್ಧಿ ಯೋಜನೆಯ ಘಟಕವೆಂಬ ಹೆಸರಿನಲ್ಲಿ ಅದು ಇಂದಿಗೂ ದೇಶದೇಶಗಳ ವಿದ್ಯಾರ್ಥಿಗಳಿಗೆ ಕಲಿಸುತ್ತಿದೆ. ಇಂದು ಕರ್ನಾಟಕದಿಂದ ಅಲ್ಲಿಗೆ ಹೋಗುವ ಹುಡುಗಿ ತಾನು ಪರರ ವಿದ್ಯೆಯನ್ನು ಬೇಡಿ ತರಲು ಹೋಗುತ್ತಿದ್ದೇನೆ ಎಂದು ಕುಗ್ಗಬೇಕಿಲ್ಲ. ಆ ವಿದ್ಯೆಯೊಳಗೆ ಬೆಂಗಳೂರಿನ ಬಿಸಿಲು ಆಗಲೇ ಸೇರಿಕೊಂಡಿದೆ.

ಕೋನಿಗ್ಸ್‌ಬರ್ಗರ್ ಅವರಿಗಿಂತ ಮೊದಲು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡಿಸ್ ಭಾರತಕ್ಕೆ ಬಂದಿದ್ದರು. 1914ರ ಕೊನೆಯಿಂದ ಹಲವು ವರ್ಷ ಇಲ್ಲಿನ ಊರುಗಳಲ್ಲಿ ತಿರುಗಿ, ನಗರಗಳ ಬಗ್ಗೆ ವರದಿಗಳನ್ನು ಬರೆದರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಮತ್ತು ನಾಗರಿಕ ವಿದ್ಯೆಯ ವಿಭಾಗಕ್ಕೆ ಮೊದಲ ಪ್ರಾಧ್ಯಾಪಕರಾದರು. ಇಕ್ಕಟ್ಟಾದ ಪೇಟೆಗಳ ನಡುವೆ ನೇರ ರಸ್ತೆ ಹಾಯಿಸಿ ಮನೆಗಳ ಸಾಲನ್ನೇ ಕೆಡವುವುದು ಆ ಕಾಲದ ಎಂಜಿನಿಯರರ ರೂಢಿ. ಗೆಡಿಸ್ ಓಣಿಓಣಿ ನಡೆದರು. ಬಾವಿ, ಮರ, ಗುಡಿ, ಜಗಲಿ ನೋಡಿದರು. ಬಿದ್ದುಹೋದ ಒಂದೆರಡು ಮನೆಗಳನ್ನು ತೆಗೆದರೆ ಗಾಳಿಬೆಳಕು ಬರುತ್ತದೆ, ಉಳಿದವರು ಇದ್ದಲ್ಲೇ ಇರಬಹುದು ಎಂದು ತೋರಿಸಿದರು. ಇಂದೋರಿನಲ್ಲಿ ಪ್ಲೇಗಿನ ಭಯವಿದ್ದಾಗ ಅವರು ದೀಪಾವಳಿಯ ಮೆರವಣಿಗೆಯೊಂದನ್ನು ಏರ್ಪಡಿಸಿ, ಯಾವ ಬೀದಿಗಳ ಮನೆಗಳು ಚೊಕ್ಕಟವಾಗಿ ದುರಸ್ತಿಯಾಗಿರುತ್ತವೋ ಆ ಬೀದಿಗಳಲ್ಲೇ ಅದು ಹೋಗುತ್ತದೆ ಎಂದು ಸಾರಿಸಿದರು. ಜನ ತಾವಾಗಿಯೇ ಊರು ಬಳಿದು ತೊಳೆದರು. ಹಬ್ಬಕ್ಕೆ ಮನೆ ಸಾರಿಸುವ ನಮ್ಮ ಹೆಂಗಸರ ಶ್ರದ್ಧೆಯನ್ನು ಹೊರಗಿನವರೊಬ್ಬರು ಗಮನಿಸಿ, ಅದನ್ನು ನಗರದ ಆರೋಗ್ಯಕ್ಕೆ ಒದಗಿಸಿಕೊಂಡರು.

ಅಡೆಯೆಮಿ, ಕೋನಿಗ್ಸ್‌ಬರ್ಗರ್, ಗೆಡಿಸ್ ಈ ಮೂವರಲ್ಲಿ ಒಬ್ಬರೂ ತಾವು ಕೆಲಸ ಮಾಡಿದ ಅಥವಾ ಕಲಿತ ಜಾಗಕ್ಕೆ ಸ್ಥಳೀಯರಲ್ಲ. ಹೊರಗಿನವರಾಗಿ ಇದ್ದದ್ದು ಅವರಿಗೆ ಅಡ್ಡಿಯಾಗಲಿಲ್ಲ, ಅದು ಅವರ ಕಣ್ಣನ್ನು ಎಚ್ಚರವಾಗಿಟ್ಟಿತು. ಇಂದಿನ ಪರದೇಶಿ ವಿದ್ಯಾರ್ಥಿಗೂ ಈ ಅವಕಾಶ ಇದೆ. ಅಮೆರಿಕದ ಮಧ್ಯಮ ಗಾತ್ರದ ಊರಿಗೆ ಬಂದಿಳಿದವರ ಬಳಿ ಕಾರಿರುವುದಿಲ್ಲ. ಬಸ್ಸು ಅಪರೂಪಕ್ಕೆ ಬರುತ್ತದೆ, ಫುಟ್‌ಪಾತ್ ಅರ್ಧಕ್ಕೇ ನಿಂತುಹೋಗುತ್ತದೆ, ದಿನಸಿ ಅಂಗಡಿ ಹೆದ್ದಾರಿಯ ಆಚೆಗಿರುತ್ತದೆ. ಹಿಮದಲ್ಲಿ ಅಕ್ಕಿಯ ಚೀಲ ಹೊತ್ತು ನಡೆಯುವಾಗ ಆ ಊರು ಅವರಿಗೆ ಕಾಣುವುದು ಅಲ್ಲಿನ ಮುದುಕರಿಗೆ, ಬಡವರಿಗೆ, ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಕಂಡಂತೆ. ಕಾರಿನಲ್ಲೇ ಬೆಳೆದ ಸಹಪಾಠಿಗಳಿಗೆ ಪುಸ್ತಕದಿಂದ ತಿಳಿಯಬೇಕಾದದ್ದು ಇವರಿಗೆ ಕಾಲಿನಿಂದ ತಿಳಿಯುತ್ತದೆ. ಸ್ಟುಡಿಯೋ ಕೆಲಸಕ್ಕೆಂದು ಬಡಾವಣೆಯ ಸಭೆಗೆ ಹೋದಾಗ, ಉಚ್ಚಾರಣೆ ಬೇರೆ, ಊರು ಗೊತ್ತಿಲ್ಲ. ಗೊತ್ತಿದೆ ಎಂದು ನಟಿಸಲೂ ಆಗದು. ಕೇಳಲೇಬೇಕು. ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಮಕ್ಕಳು ಶಾಲೆಗೆ ಯಾವ ದಾರಿಯಲ್ಲಿ ಹೋಗುತ್ತಾರೆ, ಈ ಮೂಲೆಯಲ್ಲಿ ಮೊದಲು ಏನಿತ್ತು ಎಂದು ಕೇಳುತ್ತಾ ಕೇಳುತ್ತಾ ಅವರು ಈ ವೃತ್ತಿಯ ಬಹುಮುಖ್ಯ ಗುಣವನ್ನು ಕಲಿತಿರುತ್ತಾರೆ.

ಊರಿಗೆ ಮರಳಿದಾಗ ಈ ಗುಣ ಕಳೆದುಹೋಗುವ ಅಪಾಯ ಹೆಚ್ಚು. ನನ್ನ ಊರು, ನನ್ನ ಭಾಷೆ, ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಭಾವನೆ ಬಂದುಬಿಡುತ್ತದೆ. ಆದರೆ ಜಯನಗರದಲ್ಲಿ ಬೆಳೆದವರಿಗೆ ಅದೇ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರ ವಠಾರ ಎಷ್ಟು ಗೊತ್ತು? ರಾಜಕಾಲುವೆಯ ದಡದ ಗುಡಿಸಲಿನಲ್ಲಿ ಮಳೆಗಾಲದ ರಾತ್ರಿ ಹೇಗಿರುತ್ತದೆಂದು ಯಾವ ಪದವಿ ತಿಳಿಸುತ್ತದೆ? ‘ಅಮ್ಮ, ನಿಮ್ಮ ಬೀದಿಗೆ ನೀರು ಎಷ್ಟು ಹೊತ್ತಿಗೆ ಬಿಡ್ತಾರೆ?’ ಎಂದು ಕೇಳಿ ನಿಂತರೆ, ಯಾವ ಕಚೇರಿಯ ಕಡತದಲ್ಲೂ ಇಲ್ಲದ ಊರಿನ ಚರಿತ್ರೆ ಬಿಚ್ಚಿಕೊಳ್ಳುತ್ತದೆ. ಹೊರನಾಡಿನಲ್ಲಿ ಬಲವಂತಕ್ಕೆ ಬಂದ ವಿನಯವನ್ನು ತಾಯ್ನಾಡಿನಲ್ಲಿ ಮನಸ್ಸಿಟ್ಟು ಕಾಪಾಡಿಕೊಳ್ಳಬೇಕು.

ಪದವಿ ಇಲ್ಲದವರ ಬಳಿ ಎಂಥ ತಿಳಿವಳಿಕೆ ಇದೆ ಎಂಬುದಕ್ಕೆ ಬೆಂಗಳೂರೇ ದೊಡ್ಡ ಉದಾಹರಣೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನ ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಹಿಂದಿನವರು ಇಳಿಜಾರು ನೋಡಿ ಕೆರೆ ಕಟ್ಟಿದರು. ಒಂದು ಕೆರೆಯ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಹರಿದು ಮುಂದಿನ ಕೆರೆಗೆ ಸೇರುತ್ತಿತ್ತು. ತೂಬು ಎತ್ತಿ ಹೊಲಹೊಲಕ್ಕೆ ಲೆಕ್ಕದಂತೆ ನೀರು ಬಿಡುವ ನೀರುಗಂಟಿಗಳಿದ್ದರು. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಪೇಟೆಯ ಕೆರೆಗಳು ಬೇಡವಾದವು. ಧರ್ಮಾಂಬುಧಿ ಕೆರೆಯ ಅಂಗಳ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಈಗ ನೀರು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ ಪಂಪುಗಳ ಬಲದಿಂದ ಮೇಲೇರಿ ಬರುತ್ತದೆ. ಸಂಪಂಗಿ ಕೆರೆಯಲ್ಲಿ ಉಳಿದ ಪುಟ್ಟ ಕೊಳಕ್ಕೆ ಕರಗದ ಸಂಪ್ರದಾಯದ ತಿಗಳರು ಇಂದಿಗೂ ಬಂದು ತಮ್ಮ ವಿಧಿಗಳನ್ನು ನಡೆಸುತ್ತಾರೆ. ನಕ್ಷೆ ಮರೆತ ಕೆರೆಯನ್ನು ಈ ತೋಟಗಾರರ ಸಮುದಾಯ ನೆನಪಿಟ್ಟುಕೊಂಡಿದೆ. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ತಂತ್ರ ಕಲಿತು ಬಂದ ವಿದ್ಯಾರ್ಥಿ ನೆಲದ ಏರಿಳಿತವನ್ನು ಕರಾರುವಾಕ್ಕಾಗಿ ಪರದೆಯ ಮೇಲೆ ತೋರಿಸಬಲ್ಲರು, ಅದು ನಿಜವಾದ ಶಕ್ತಿ. ಆ ಪರದೆಯ ಪಕ್ಕದಲ್ಲಿ ಹಳೆಯ ನೀರುಗಂಟಿಯ ಮನೆತನದವರನ್ನು ಕೂರಿಸಿಕೊಂಡಾಗ ಆ ಶಕ್ತಿಗೆ ವಿವೇಕ ಸೇರುತ್ತದೆ.

ವಾಪಸ್ ಬರುತ್ತಾರೋ ಇಲ್ಲವೋ ಎಂಬ ಪ್ರಶ್ನೆಯಿಂದ ಇಂಥ ಮಕ್ಕಳನ್ನು ಅಳೆಯುವ ರೂಢಿ ನಮ್ಮಲ್ಲಿದೆ. ಅವರ ಹೆಗಲ ಮೇಲಿನ ಭಾರವನ್ನು ನೋಡದೆ ಹಾಗೆ ಕೇಳುವುದು ನ್ಯಾಯವಲ್ಲ. ಮನೆಯನ್ನೋ ಜಮೀನನ್ನೋ ಆಧಾರವಿಟ್ಟು ಶಿಕ್ಷಣ ಸಾಲ ತೆಗೆದಿರುತ್ತಾರೆ. ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಪದವಿಯ ನಂತರ ಕೆಲಸದ ಅನುಭವಕ್ಕೆ ಸಾಮಾನ್ಯವಾಗಿ ಸಿಗುವುದು 12 ತಿಂಗಳು. ಅಲ್ಲಿನ ಸರ್ಕಾರ ಪಟ್ಟಿಮಾಡಿದ ವಿಜ್ಞಾನ-ತಂತ್ರಜ್ಞಾನ ವಿಷಯಗಳವರಿಗೆ ಮಾತ್ರ ಇನ್ನೂ 24 ತಿಂಗಳು. ಸಾಲದ ಕಂತು ಕಾಯುವುದಿಲ್ಲ. ಆದ್ದರಿಂದ ನಾನು ಕೇಳಬಯಸುವ ಪ್ರಶ್ನೆ ಬೇರೆ: ನೀನು ಎಲ್ಲಿರುವೆಯೋ ಅಲ್ಲಿ ನಿನ್ನ ಕೆಲಸ ಯಾರಿಗೆ ಉತ್ತರ ಕೊಡುತ್ತದೆ? ಡೆಟ್ರಾಯಿಟಿನ ಬಡ ಬೀದಿಗೆ ಬಸ್ಸಿನ ದಾರಿ ಹಾಕಿಕೊಡುವ ಕನ್ನಡಿಗ ಹುಡುಗ ಸೇವೆಯಿಂದ ದೂರ ಸರಿದಿಲ್ಲ. ಊರಿಗೆ ಮರಳಿ, ಹಸಿರು ವಲಯದ ಜಮೀನು ಯಾವಾಗ ಬಡಾವಣೆಯಾಗುತ್ತದೆಂದು ಮುಂಚೆಯೇ ಬಲ್ಲವರಿಗಾಗಿ ನಕ್ಷೆ ಬರೆದುಕೊಡುವವರು, ತಾಯ್ನಾಡಿನಲ್ಲಿದ್ದೇವೆ ಎಂಬ ಕಾರಣಕ್ಕೆ ನಾಡಿಗೆ ದುಡಿದಂತಾಗುವುದಿಲ್ಲ.

ಆದರೂ ಕನ್ನಡ ಬಲ್ಲ ಯೋಜಕರ ಮೇಲೆ ಒಂದು ಹೊಣೆ ಉಳಿಯುತ್ತದೆ, ಅವರು ಎಲ್ಲಿಯೇ ಇರಲಿ. ಸಂವಿಧಾನದ 1992ರ 74ನೇ ತಿದ್ದುಪಡಿ ನಗರಗಳ ಜನರಿಗೆ ತಮ್ಮ ಊರನ್ನು ತಾವೇ ಯೋಜಿಸಿಕೊಳ್ಳುವ ಮಾತು ಕೊಟ್ಟಿತು. ವಲಯ ನಿಯಮ, ಭೂಬಳಕೆ, ಸಾರಿಗೆಯ ಲೆಕ್ಕಗಳು ಸಾಮಾನ್ಯರಿಗೆ ಅರ್ಥವಾಗದ ಭಾಷೆಯಲ್ಲಿ ಇರುವವರೆಗೆ ಆ ಮಾತು ಕಾಗದದಲ್ಲೇ ಇರುತ್ತದೆ. ಮಾಸ್ಟರ್ ಪ್ಲಾನಿನ ಒಂದೊಂದು ಹಾಳೆಯನ್ನೂ ತಿಳಿಗನ್ನಡದಲ್ಲಿ ಬಿಡಿಸಿ, ವಾರ್ಡಿನ ಸಭೆಯಲ್ಲಿ ‘ನೋಡಿ, ಇದು ನಿಮ್ಮ ಮನೆ, ಇದು ಬರಲಿರುವ ರಸ್ತೆ’ ಎಂದು ಬೆರಳಿಟ್ಟು ತೋರಿಸುವುದು ವಿದ್ವತ್ತಿನ ಕೆಲಸ. ಇದನ್ನು ಕಿರಿದೆಂದು ಯಾರೂ ಭಾವಿಸಬಾರದು.

ಯಾವ ಊರಿನ ಯಾವ ಹಾಳೆಯ ಮುಂದೆ ಕೂತರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಈ ಗೆರೆಯಿಂದ ಯಾರು ಜಾಗ ಬಿಡಬೇಕಾಗುತ್ತದೆ? ಇದರ ಲಾಭ ಯಾರ ಮನೆ ಸೇರುತ್ತದೆ? ಬದಲಿಸಲು ಇನ್ನೂ ಸಾಧ್ಯವಿದ್ದ ಹೊತ್ತಿನಲ್ಲಿ ಅವರನ್ನು ಕೇಳಿದೆವೇ? ಇವಕ್ಕೆ ಸರಿಯಾದ ಉತ್ತರ ಸಿಕ್ಕ ಮೇಲೂ ತಪ್ಪಾಗಬಹುದು. ಕೋನಿಗ್ಸ್‌ಬರ್ಗರ್ ಅವರಂಥ ನುರಿತವರ ಯೋಜನೆಯೂ ಸೋತದ್ದುಂಟು. ಸೋಲಿನ ಬಳಿಕ ಅವರು ತಲುಪಿದ ವಿಧಾನದಲ್ಲಿ, ಮಾಡಿದ್ದನ್ನು ನೋಡಿ ತಿದ್ದಿಕೊಳ್ಳುವುದೂ ಯೋಜನೆಯ ಒಂದು ಅಂಗ. ಈ ವೃತ್ತಿಯಲ್ಲಿ ಬಹಳ ಕಡಿಮೆ ಮಂದಿ ಮಾಡುವ ಕೆಲಸ ಅದೇ. ವರದಿ ಒಪ್ಪಿಸಿದ ಮೇಲೆ ಹೊಸ ಊರು, ಹೊಸ ಹಾಳೆ. ರಸ್ತೆ ಬಂದು ಐದು ವರ್ಷದ ನಂತರ ಆ ಬೀದಿಗೆ ಮತ್ತೆ ಹೋಗಿ, ಅಂಗಡಿ ಕಳೆದುಕೊಂಡವರು ಈಗ ಎಲ್ಲಿದ್ದಾರೆ, ಮಳೆನೀರು ಎತ್ತ ಹರಿಯುತ್ತಿದೆ ಎಂದು ನೋಡಿಬರುವ ಯೋಜಕರು ನಮಗೆ ಬೇಕು. ಅಲ್ಲಿ ತಪ್ಪು ಕಂಡರೆ ಅದನ್ನು ಆ ಬೀದಿಯವರ ಎದುರಿನಲ್ಲೇ ಒಪ್ಪಿಕೊಂಡು, ತಿದ್ದುವ ಕೆಲಸದಲ್ಲಿ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವ ಧೈರ್ಯ ಯಾರಿಗಿದೆಯೋ, ಅವರು ಎಲ್ಲಿ ಓದಿ ಬಂದಿದ್ದರೂ ಸರಿ, ಅವರ ಕೈಗೆ ಒಂದು ಊರನ್ನು ಒಪ್ಪಿಸಬಹುದು.